ಗೋಡೆಯಾಚೆ ಒಂದು ಚೀನೀ ತೋಟ

ಕೆನಡಾದ ವ್ಯಾಂಕೂವರ್ ಗಾಜಿನ ಗೋಪುರಗಳ ಊರು. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡೋಕೋ ಅಂತ ನಮ್ಮ ಕಡೆಯ ತಾಯಂದಿರೂ ಈಗ ಅಲ್ಲಿಗೆ ಹೋಗಿ ಬರ್ತಾರೆ. ಹೋದವರು ಚೈನಾಟೌನಿನ ಕ್ಯಾರಲ್ ಬೀದಿಯಲ್ಲಿ ಬಿಳಿ ಗೋಡೆಯೊಂದು ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಅದರ ಒಳಗಿರುವುದೇ ಡಾ. ಸನ್ ಯಾತ್-ಸೆನ್ ಉದ್ಯಾನ.

ಲಾಲ್‌ಬಾಗಿನಂತೆ ಹೂವಿನ ಪಾತಿ, ಹುಲ್ಲುಹಾಸು ಹುಡುಕಿದರೆ ನಿರಾಸೆಯೇ ಸರಿ. ಇದು ಮಿಂಗ್ ಅರಸರ ಕಾಲದ ವಿದ್ವಾಂಸರ ಮನೆತೋಟದ ಮಾದರಿ. ಕಲ್ಲು, ನೀರು, ಗಿಡ, ಮಂಟಪ, ಇಷ್ಟೇ. ಕಲ್ಲು ಚೀನಾದ ತಾಯ್ ಸರೋವರದ್ದು, ನೀರು ಕೊರೆದು ತೂತು ತೂತಾದ ಸುಣ್ಣಕಲ್ಲು. ಕೊಳದ ನೀರು ತಿಳಿಯಾಗಿಲ್ಲ, ಬೇಕೆಂದೇ ಮಬ್ಬು ಹಸಿರು. ಹಾಗಿದ್ದರೇ ಮಂಟಪದ ನೆರಳು ಅದರಲ್ಲಿ ಚೆನ್ನಾಗಿ ಮೂಡೋದು! ಗೋಡೆಯ ಜಾಲಂಧ್ರಗಳಂತೂ ಒಂದರಂತೆ ಇನ್ನೊಂದಿಲ್ಲ. ಒಂದೊಂದರಲ್ಲಿ ಇಣುಕಿದಾಗಲೂ ಅದೇ ತೋಟ ಬೇರೆಯಾಗಿ ಕಾಣುತ್ತೆ. ಚಳಿಯಲ್ಲೂ ಸೋಲದ ಪೈನ್, ಬಿದಿರು, ಪ್ಲಮ್ ಗಿಡಗಳಿಗೆ ಚೀನೀಯರು ಚಳಿಗಾಲದ ಮೂವರು ಗೆಳೆಯರು ಅಂತಾರೆ. ಮಳೆ ಬಂದರೆ ಇನ್ನೂ ಸೊಗಸು, ಸೂರಿನ ಹೆಂಚಿನಂಚಿನಿಂದ ಹನಿಗಳ ಪರದೆ ಇಳಿಯುತ್ತೆ. ಆ ಊರಲ್ಲಿ ಮಳೆಗೇನೂ ಬರವಿಲ್ಲ ಬಿಡಿ.

1985-86ರಲ್ಲಿ ಸೂಚೌ ನಗರದಿಂದ ಬಂದ ಐವತ್ತಕ್ಕೂ ಹೆಚ್ಚು ಕುಶಲಕರ್ಮಿಗಳು ಇದನ್ನು ಕಟ್ಟಿದರು. ಮರಕ್ಕೆ ಮರ ಕಚ್ಚಿಸಿದ್ದೇ ಹೊರತು ಮೊಳೆಯಿಲ್ಲ, ತಿರುಪಿಲ್ಲ, ಅಂಟಿಲ್ಲ. 1986ರ ಏಪ್ರಿಲಿನಲ್ಲಿ, ಎಕ್ಸ್‌ಪೋ 86 ಮೇಳದ ಹೊತ್ತಿಗೆ, ಬಾಗಿಲು ತೆರೆಯಿತು.

ಆದರೆ ಈ ಬೀದಿಗಳ ಹಿಂದಿನ ಕಥೆ ಇಷ್ಟು ತಣ್ಣಗಿಲ್ಲ. ರೈಲುದಾರಿ ಹಾಕಲು ಚೀನೀ ಗಂಡಸರನ್ನು ಕರೆಸಿಕೊಂಡ ದೇಶ, ಆ ಕೆಲಸ ಮುಗಿದ 1885ರಲ್ಲೇ ಚೀನೀಯರ ಮೇಲೆ ತಲೆಗಂದಾಯ ಹಾಕಿತು. ಮೊದಲು 50 ಡಾಲರ್, 1903ರ ಹೊತ್ತಿಗೆ 500. ಅಷ್ಟು ಕೊಟ್ಟು ಹೆಂಡತಿಯನ್ನು ಕರೆಸುವುದು ಕೂಲಿಯವನಿಗೆ ಆಗೋ ಮಾತೇ? 1923ರಿಂದ 1947ರವರೆಗೆ ಚೀನೀಯರ ಪ್ರವೇಶವನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟರು. ಗಂಡ ಇಲ್ಲಿ, ಹೆಂಡತಿ ಊರಿನಲ್ಲಿ, ನಡುವೆ ಸಮುದ್ರ. ಎಷ್ಟೋ ಹೆಂಗಸರು ಕಾಗದಗಳಲ್ಲೇ ಸಂಸಾರ ಮಾಡಿದರು.

1960ರ ದಶಕದಲ್ಲಿ ಇನ್ನೊಂದು ಗಂಡಾಂತರ. ಪಕ್ಕದ ಸ್ಟ್ರಾತ್‌ಕೋನಾದ ಮನೆಗಳನ್ನು ಕೆಡವುವ ಯೋಜನೆ, ಚೈನಾಟೌನನ್ನು ಸೀಳಿಕೊಂಡು ಹೋಗುವ ಹೆದ್ದಾರಿ. ಆಗ ಮೇರಿ ಲೀ ಚಾನ್ ಎಂಬ ಗೃಹಿಣಿ ಮಗಳು ಶರ್ಲಿಯನ್ನು ಜೊತೆಗಿಟ್ಟುಕೊಂಡು ಮನೆಮನೆಯ ಕದ ತಟ್ಟಿದರು, ನೆರೆಹೊರೆಯನ್ನು ಒಗ್ಗೂಡಿಸಿದರು. 1968ರಲ್ಲಿ ನಿವಾಸಿಗಳ ಸಂಘ ಹುಟ್ಟಿತು. ಕೆಡವುವುದೂ ನಿಂತಿತು, ಹೆದ್ದಾರಿಯೂ ಬರಲಿಲ್ಲ. ಬಂದಿದ್ದರೆ ಈ ತೋಟಕ್ಕೆ ಜಾಗವೆಲ್ಲಿರುತ್ತಿತ್ತು?

ಕೊಳದಲ್ಲಿ ಬಣ್ಣಬಣ್ಣದ ಕೋಯ್ ಮೀನುಗಳಿವೆ. 2018ರ ನವೆಂಬರಿನಲ್ಲಿ ಎಲ್ಲಿಂದಲೋ ಒಂದು ನೀರುನಾಯಿ ನುಗ್ಗಿ ದೊಡ್ಡ ಮೀನುಗಳಲ್ಲಿ ಹೆಚ್ಚಿನವನ್ನು ತಿಂದುಬಿಟ್ಟಿತು. ಮಡೋನಾ ಎಂಬ ಸುಮಾರು ಐವತ್ತು ವರ್ಷದ ಮೀನೂ ಹೋಯಿತು. ಉಳಿದವನ್ನು ಮತ್ಸ್ಯಾಲಯಕ್ಕೆ ಸಾಗಿಸಿ ಕಾಪಾಡಿದರು. ಬೋನಿಟ್ಟು ಕಾದರೂ ನೀರುನಾಯಿ ಮಾತ್ರ ಸಿಗಲೇ ಇಲ್ಲವಂತೆ.