ಕುದರಿಮೋತಿಯಿಂದ ಬಂದವರು

ಗಂಗಾವತಿ

ನನ್ನವ್ವಾ,

ನಿನ್ನ ಪತ್ರ ಓದಿದಾಗಿನಿಂದ ನನಗೆ ಅದೇ ಧ್ಯಾನ. ಕೂಸು ಇನ್ನೂ ಹೊಟ್ಟೆಯೊಳಗಿದೆ, ಅದರ ಅಡ್ಡೆಸರಿನ ಮಾತು ಆಗಲೇ ನಿಮ್ಮ ಮನೆಯಲ್ಲಿ ಶುರುವಾಗಿದೆ. ಸ್ವೀಡನ್ನಿನಲ್ಲಿ ಮಗು ಹುಟ್ಟಿದ ಮೂರು ತಿಂಗಳೊಳಗೆ ಹೆಸರನ್ನು ತೆರಿಗೆ ಇಲಾಖೆಗೆ ಬರೆದುಕೊಡಬೇಕು ಅಂತ ಬರೆದಿದ್ದಿ. ಅಳಿಯಂದಿರು ಮೈಸೂರಿನವರು, ಅವರಿಗೆ ಇನಿಷಿಯಲ್ ಬಿಟ್ಟರೆ ಅಡ್ಡೆಸರಿಲ್ಲ. ಪಾಸ್‌ಪೋರ್ಟಿನಲ್ಲಿ ಅವರ ಅಪ್ಪನ ಹೆಸರೇ ಆ ಜಾಗದಲ್ಲಿ ಕೂತಿದೆ. ನಿನ್ನದು ಕುದರಿಮೋತಿ. "ಅತ್ತಿ, ಈ ಹೆಸರು ನಮಗೆ ಎಲ್ಲಿಂದ ಬಂತು? ಈಗ ನಾವು ಎಷ್ಟು ಮಂದಿ ಇದ್ದೇವೆ?" ಅಂತ ಕೇಳಿದ್ದಿ. ನಿನ್ನ ಅಪ್ಪ ಇದ್ದಿದ್ದರೆ ಒಂದು ರಾತ್ರಿ ಪೂರ್ತಿ ಹೇಳುತ್ತಿದ್ದ. ಈಗ ಆ ಮನೆಯ ಕಥೆ ಗೊತ್ತಿದ್ದವಳು ನಾನೊಬ್ಬಳೇ ಉಳಿದಿದ್ದೇನೆ. ಗೊತ್ತಿದ್ದಷ್ಟನ್ನು ಬರೆಯುತ್ತೇನೆ, ಜೋಪಾನವಾಗಿ ಇಟ್ಟುಕೋ.

ಕುದರಿಮೋತಿ ಯಲಬುರ್ಗಾ ಸೀಮೆಯ ಹಳ್ಳಿ. ನೀನು ಸಣ್ಣವಳಿದ್ದಾಗ ಜಾತ್ರೆಗೆ ಅಂತ ಒಮ್ಮೆ ಕರೆದುಕೊಂಡು ಹೋಗಿದ್ದೆವು, ನಿನಗೆ ನೆನಪಿರಲಿಕ್ಕಿಲ್ಲ. ಸುತ್ತ ಎರೆಭೂಮಿ. ಮಳೆ ಹಿಡಿದರೆ ಜೋಳ, ಕಡಲೆ, ಕುಸುಬೆ, ಕೈಕೊಟ್ಟರೆ ಗುಳೆ. ನಿನ್ನ ಮುತ್ಯಾನ ಪಾಲಿಗೆ ಬಂದದ್ದು ಸ್ವಲ್ಪವೇ ಹೊಲ, ಮನೆಯಲ್ಲಿ ಉಣ್ಣುವ ಬಾಯಿ ಬಹಳ. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ಮುಗಿದು, ಮುನಿರಾಬಾದಿನಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟರು. ಗಂಗಾವತಿಯ ಕಡೆ ಗದ್ದೆ ಮಾಡುವವರಿಗೆ ಆಳು ಬೇಕಾಯಿತು. ಮುತ್ಯಾ ಮತ್ತು ಆಯಿ ಗಂಟುಮೂಟೆ ಕಟ್ಟಿಕೊಂಡು ಈ ಕಡೆ ಬಂದರು. ನಾಟಿ ಹಚ್ಚುವುದನ್ನು ಅವರು ಆ ತನಕ ಕಂಡಿರಲೇ ಇಲ್ಲ.

"ಯಾವೂರಿಂದ ಬಂದೀರಿ?"

"ಕುದರಿಮೋತಿಯಿಂದ್ರಿ."

ಹೆಸರು ಹುಟ್ಟಿದ್ದು ಅಲ್ಲಿ. ಕೂಲಿ ಬರೆಯುವ ಸಾಹುಕಾರನ ಪುಸ್ತಕದಲ್ಲಿ ಮುತ್ಯಾನ ಹೆಸರಿನವರೇ ಮತ್ತಿಬ್ಬರು ಇದ್ದದ್ದರಿಂದ, ಗುರುತಿಗೆ ಇವನ ಹೆಸರಿನ ಮುಂದೆ ಊರನ್ನು ಬರೆದರು. ಕಿರಾಣಿ ಅಂಗಡಿಯ ಉದ್ದರಿ ಲೆಕ್ಕಕ್ಕೂ ಅದೇ ಬಂತು. ನಿನ್ನ ಅಪ್ಪನನ್ನು ಸಾಲಿಗೆ ಹಚ್ಚಿದಾಗ ಮಾಸ್ತರರು ದಾಖಲಾತಿ ಪುಸ್ತಕಕ್ಕೆ ಅದನ್ನೇ ಇಳಿಸಿದರು. ಅಲ್ಲಿಂದ ಮಾರ್ಕ್ಸ್‌ಕಾರ್ಡು, ನೌಕರಿಯ ಆದೇಶ, ಈಗ ನಿನ್ನ ಸ್ವೀಡನ್ನಿನ ಗುರುತಿನ ಚೀಟಿ. ಕುದರಿಮೋತಿಯೊಳಗೆ ಯಾರನ್ನೂ ಕುದರಿಮೋತಿ ಅಂತ ಕರೆಯುವುದಿಲ್ಲ, ತಂಗಿ. ಅಲ್ಲಿ ಹಾಗೆ ಕೂಗಿದರೆ ಇಡೀ ಊರೇ ತಿರುಗಿ ನೋಡೀತು. ಊರು ಬಿಟ್ಟು ಬಂದವನಿಗೆ, ಬಂದ ಊರಿನವರು ಇಟ್ಟ ಹೆಸರು ಇದು.

ಹಾಗಾದರೆ ಅಲ್ಲಿ ನಮ್ಮನ್ನು ಏನಂತ ಕರೆಯುತ್ತಿದ್ದರು ಅಂತ ನೀ ಕೇಳೇ ಕೇಳುತ್ತಿ. ಕಣದಮನಿಯವರು. ಊರ ಹೊರಗಿನ ಕಣದ ಬದಿಗೆ ಮನೆ ಇತ್ತು, ಅಷ್ಟೇ ಕಾರಣ. ಇದನ್ನು ನನಗೆ ತಿಳಿಸಿದವನು ಹೆಳವ. ಹೆಳವರು ಗೊತ್ತಲ್ಲ, ಮನೆತನಗಳ ವಂಶಾವಳಿ ಹೇಳುತ್ತ ಊರೂರು ತಿರುಗುವವರು. ಮೊದಲು ಸಿಂಗಾರ ಮಾಡಿದ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಈಗ ಮೋಟರ್‌ಸೈಕಲ್ಲಿನ ಮೇಲೆ ಬರುತ್ತಾರೆ. ತಮಗೆ ಹಂಚಿಕೊಂಡ ಮನೆಗಳಿಗೆ ಕೆಲವು ವರ್ಷಕ್ಕೊಮ್ಮೆ ಬಂದು, ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು, ಬಟ್ಟೆ, ರೊಕ್ಕ ಇಸಿದುಕೊಂಡು ಹೋಗುತ್ತಾರೆ. ಕುದರಿಮೋತಿಗೆ ಹೋದಾಗ ಮನೆಗೆ ಬೀಗ ಕಂಡು, ಕೇಳುತ್ತ ಕೇಳುತ್ತ ನಮ್ಮನ್ನು ಹುಡುಕಿಕೊಂಡು ಗಂಗಾವತಿಗೆ ಬಂದನಂತೆ ಆ ಹೆಳವನ ಅಪ್ಪ. ಅವರಷ್ಟು ನಿಷ್ಠೆಯಿಂದ ನಮ್ಮನ್ನು ನೆನಪಿಟ್ಟ ಬೇರೆ ಯಾರೂ ನನಗೆ ಗೊತ್ತಿಲ್ಲ.

"ನಿಮ್ಮ ಮೂಲ ಕುದರಿಮೋತಿನೂ ಅಲ್ಲವ್ವಾ," ಅಂದ ಆ ಹೆಳವ. "ಅದಕ್ಕೂ ಹಿಂದ ಕುಷ್ಟಗಿ ಕಡಿ ಹನಮಸಾಗರ. ದೊಡ್ಡ ಬರದಾಗ ಎದ್ದು ಬಂದವರು." 1876ರಿಂದ 78ರ ತನಕ ಬಿದ್ದ ಬರ ಇರಬೇಕು ಅಂತ ತಲೆಮಾರು ಎಣಿಸಿ ನಿನ್ನ ಅಪ್ಪ ಲೆಕ್ಕ ಹಾಕಿದ್ದ. ಹಾಗಿದ್ದರೆ ಕುದರಿಮೋತಿಗೆ ಬಂದ ಹೊಸದರಲ್ಲಿ ನಮ್ಮವರನ್ನು ಹನಮಸಾಗರದವರು ಅಂತ ಕರೆದಿರಬೇಕು. ಆಮೇಲೆ ಕಣದಮನಿ. ಆಮೇಲೆ ಕುದರಿಮೋತಿ. ನೀನು ಇದನ್ನು ಬಹಳ ಹಳೆಯ ಹೆಸರು ಅಂದುಕೊಂಡಿದ್ದಿ. ಇದರ ಆಯುಷ್ಯ ನನ್ನ ಆಯುಷ್ಯದಷ್ಟೇ.

ನಾನು ಕೆಲಸ ಮಾಡಿದ ಸಾಲೆಯಲ್ಲಿ ಜೂನ್ ತಿಂಗಳು ಬಂತೆಂದರೆ ದಾಖಲಾತಿ ಪುಸ್ತಕ ನನ್ನ ಕೈಗೇ ಕೊಡುತ್ತಿದ್ದರು, ನನ್ನ ಅಕ್ಷರ ದುಂಡಗೆ ಅಂತ. ಆ ಪುಸ್ತಕದಲ್ಲಿ ಈ ಸೀಮೆಯೆಲ್ಲ ಇತ್ತು. ಬಡಿಗೇರ, ಕಮ್ಮಾರ, ಪತ್ತಾರ, ಕುಂಬಾರ, ಬೆಲ್ಲದ, ಉಪ್ಪಿನ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹಿರೇಮಠ, ಪೂಜಾರ. ಕಿನ್ನಾಳದ ಗೊಂಬೆ ಮಾಡುವ ಮನೆಯ ಹುಡುಗನೊಬ್ಬ ಬಂದಿದ್ದ, ಚಿತ್ರಗಾರ. ಯಲಬುರ್ಗಾ ಸೀಮೆಯ ದ್ಯಾಂಪುರದ ಕವಿ ಸಿದ್ಧಯ್ಯ ಪುರಾಣಿಕರ ಮನೆತನಕ್ಕೆ ಪುರಾಣ ಹೇಳುವುದರಿಂದ ಹೆಸರು ಬಂದ ಹಾಗೆ, ಇವರಿಗೆ ಬಣ್ಣದಿಂದ ಬಂತು. ಕಾಲುವೆ ನೀರಿನ ಹಿಂದೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಮಂದಿ ಮನೆತನದ ಹೆಸರನ್ನು ಮೊದಲಿಗೇ ಬರೆಸುತ್ತಿದ್ದರು, ನಾವು ಕೊನೆಗೆ. ಒಂದೇ ಬೆಂಚಿನ ಹುಡುಗರ ಹೆಸರು ಓದುವಾಗ ಒಬ್ಬನ ಮನೆ ಮುಂದಿರುತ್ತಿತ್ತು, ಒಬ್ಬನ ಮನೆ ಹಿಂದಿರುತ್ತಿತ್ತು. ಅದನ್ನು ಓದುವುದೇ ನನಗೊಂದು ಸಂತೋಷ.

ಮದುವೆಯಾದ ಮೇಲೆ ನನಗೆ ಬಂದ ಹೆಸರು ಮಾಲಿಪಾಟೀಲ. ನಿಜಾಮರ ಕಾಲದಲ್ಲಿ ಹಳ್ಳಿಗೆ ಕಂದಾಯ ನೋಡುವವನು ಮಾಲಿಪಾಟೀಲ, ತಂಟೆ ತಕರಾರು ನೋಡುವವನು ಪೊಲೀಸ್ ಪಾಟೀಲ. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಾಗೀರಿನಲ್ಲಿದ್ದವು, ಅಲ್ಲೂ ಇದೇ ಏರ್ಪಾಡು. 1948ರಲ್ಲಿ ನಿಜಾಮಶಾಹಿ ಹೋಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕುವ 1961ರ ಕಾಯ್ದೆ 1963ರಲ್ಲಿ ಜಾರಿಯಾಗಿ ಪಾಟೀಲಕಿಯೂ ಹೋಯಿತು. ಹೆಸರು ಮಾತ್ರ ಉಳಿಯಿತು. ಇಂದಿಗೂ ಕೊಪ್ಪಳ, ರಾಯಚೂರು, ಕಲಬುರಗಿ ಕಡೆ ಪೊಲೀಸ್ ಪಾಟೀಲ ಅಂತ ಅಡ್ಡೆಸರಿನ ಡಾಕ್ಟರು, ಮಾಸ್ತರು ಸಿಗುತ್ತಾರೆ.

ಊರಿನ ಹೆಸರುಗಳನ್ನು ನೋಡಬೇಕೆಂದರೆ ಚುನಾವಣೆಯಲ್ಲಿ ಇಲ್ಲಿಗೆ ಬಾ. ಗೋಡೆಯ ಮೇಲಿನ ಪೋಸ್ಟರುಗಳೇ ನಕಾಶೆ. ಹಿಟ್ನಾಳ ಅನ್ನುವುದು ಕೊಪ್ಪಳ ತಾಲೂಕಿನ ಊರು, ಮುನವಳ್ಳಿ ಸವದತ್ತಿ ಕಡೆಯದು, ತಂಗಡಗಿ ಮುದ್ದೇಬಿಹಾಳದ ಕಡೆಯದು. ಎರಡು ಸಲ ಲೋಕಸಭೆಗೆ ಹೋದ ಸಂಗಣ್ಣನವರದು ಕರಡಿ. ಸಾಲೆಯಲ್ಲಿ ಹುಡುಗರು ನಿನ್ನನ್ನು "ಕುದುರೆ ಮುಖ" ಅಂತ ಕಾಡಿಸಿದಾಗ ನೀ ಅತ್ತುಕೊಂಡು ಬಂದಿದ್ದಿ. ಕರಡಿ ಅನ್ನುವವರಿಗೆ ಜನ ಓಟು ಹಾಕುತ್ತಾರೆ ನೋಡು ಅಂತ ನಿನ್ನ ಅಪ್ಪ ಸಮಾಧಾನ ಮಾಡಿದ್ದು ನೆನಪಿದೆಯೇ?

ಒಂದು ಮಾತನ್ನು ಮಾತ್ರ ಮುಚ್ಚಿಡದೆ ಹೇಳಬೇಕು. ಇಲ್ಲಿ "ನಿಮ್ಮ ಅಡ್ಡೆಸರೇನು?" ಅಂತ ಕೇಳುವವರಲ್ಲಿ ಬಹಳ ಮಂದಿಗೆ ಬೇಕಾದದ್ದು ಜಾತಿ. ಊರ ಹೆಸರಿನ ಹಿಂದೆ ಅದು ಕಾಣುವುದಿಲ್ಲ, ಕುದರಿಮೋತಿ ಯಾವ ಜಾತಿಯವರಾದರೂ ಆಗಬಹುದು. ಆದರೆ ಕೆಲವು ಮಕ್ಕಳ ಹೆಸರಿನ ಮುಂದೆ ಬರೆಯುವ ಕೈಗಳು ಯೋಚನೆಯೇ ಇಲ್ಲದೆ ಮಾದರ, ಹರಿಜನ ಅಂತ ಬರೆದುಬಿಟ್ಟಿವೆ. ಹಾಜರಿ ಕೂಗುವಾಗ ಆ ಮಕ್ಕಳ ದನಿ ಸಣ್ಣಗಾಗುವುದನ್ನು ನಾನು ಕೇಳಿದ್ದೇನೆ. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ದೊಡ್ಡವರಾದ ಮೇಲೆ ಊರ ಹೆಸರನ್ನು ಇಟ್ಟುಕೊಂಡವರಿದ್ದಾರೆ. ಅವರು ಮಾಡಿದ್ದು ಸರಿ. ಹೊತ್ತವರನ್ನು ಕುಗ್ಗಿಸುವ ಹೆಸರನ್ನು ಮನೆತನದ ನೆನಪು ಅಂತ ಕಾಪಾಡಬೇಕಾದ ಅಗತ್ಯ ಯಾರಿಗೂ ಇಲ್ಲ.

ನಿನ್ನ ಕಚೇರಿಯ ಗೆಳತಿಯ ಕಥೆ ನನಗೆ ಬಹಳ ಹಿಡಿಸಿತು. ಅವಳ ಅಪರೂಪದ ಅಡ್ಡೆಸರು ಸಿಪಾಯಿಯಾಗಿದ್ದ ಹಿರಿಯನಿಂದ ಬಂದದ್ದು ಅಂತ ಬರೆದಿದ್ದಿ. ಆಮೇಲೆ ನಾನೂ ಕೂತು ಓದಿದೆ. 1682ರಲ್ಲಿ ಹನ್ನೊಂದನೆಯ ಕಾರ್ಲ್ ರಾಜ ಏರ್ಪಡಿಸಿದ ಸೇನೆಯಲ್ಲಿ, ಕೆಲವು ಹೊಲಮನೆಗಳವರು ಸೇರಿ ಒಬ್ಬ ಸಿಪಾಯಿಯನ್ನು ಸಾಕಬೇಕಿತ್ತಂತೆ, ಅವನಿಗೊಂದು ಗುಡಿಸಲು, ತುಂಡು ನೆಲ ಕೊಟ್ಟು. ಒಂದೇ ತುಕಡಿಯಲ್ಲಿ ಆಂಡರ್ಸನ್‌ಗಳೇ ತುಂಬಿಕೊಂಡರೆ ಕೂಗುವುದು ಹೇಗೆ? ಅದಕ್ಕೆ ರಾಸ್ಕ್, ಮೂದಿಗ್ ಅಂತ ಚುಟುಕು ಹೆಸರು ಕೊಟ್ಟರು. ಒಬ್ಬ ಸಿಪಾಯಿ ಹೋಗಿ ಇನ್ನೊಬ್ಬ ಆ ಗುಡಿಸಲಿಗೆ ಬಂದರೆ ಹಲವು ಸಲ ಹೆಸರೂ ಅವನಿಗೇ. ಸಾಹುಕಾರನ ಕೂಲಿ ಪುಸ್ತಕದಲ್ಲಿ ನಿನ್ನ ಮುತ್ಯಾನಿಗೆ ಆದದ್ದೂ ಅದೇ ಅಲ್ಲವೇ!

ಇನ್ನು ಅಲ್ಲಿನ ರೈತರ ಪದ್ಧತಿ ನಮ್ಮ ಅಳಿಯಂದಿರ ಮೈಸೂರಿನದೇ. ಆಂಡರ್ಸನ ಮಗ ಕಾರ್ಲ್ ಆಂಡರ್ಸನ್, ಕಾರ್ಲನ ಮಗ ಕಾರ್ಲ್‌ಸನ್. ತಲೆಮಾರಿಗೊಮ್ಮೆ ಹೆಸರು ಬದಲು. 1901ರ ಕಾಯ್ದೆಯ ನಂತರ ಅದು ನಿಧಾನವಾಗಿ ನಿಂತು, ಆಗ ಯಾವುದಿತ್ತೋ ಅದೇ ಗಟ್ಟಿಯಾಯಿತು. ಅದಕ್ಕೇ ಇವತ್ತಿಗೂ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಆಂಡರ್ಸನ್‌ಗಳು. ಅಳಿಯಂದಿರಿಗೆ ಹೇಳು, ತಮಗೆ ಮನೆತನದ ಹೆಸರಿಲ್ಲ ಅಂತ ಅವರು ಸಂಕೋಚ ಪಡಬೇಕಿಲ್ಲ. ಅಪ್ಪನ ಹೆಸರು ಹೊತ್ತು ನಡೆಯುವುದು ಆ ದೇಶಕ್ಕೇ ಹಳೆಯ ರೂಢಿ.

ನಾವು ಎಷ್ಟು ಮಂದಿ ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮಲ್ಲಿ ಅಂಕಿಅಂಶದ ಕಚೇರಿಯನ್ನು ಕೇಳಿದರೆ ಯಾವ ಹೆಸರಿನವರು ಎಷ್ಟು ಅಂತ ಹೇಳುತ್ತದೆ. ಜನಗಣತಿಯ ಕೆಲಸಕ್ಕೆ ನಾನೂ ಮನೆ ಮನೆ ಹತ್ತಿಳಿದವಳು. ಹೆಸರು ಬರೆದುಕೊಳ್ಳುತ್ತೇವೆ, ಆದರೆ ಅಡ್ಡೆಸರುಗಳ ಲೆಕ್ಕವನ್ನು ಸರ್ಕಾರ ಪ್ರಕಟಿಸುವುದಿಲ್ಲ. ನನಗೆ ಕಂಡಂತೆ ಕುದರಿಮೋತಿಗಳು ಬಹಳಿಲ್ಲ. ಕೊಪ್ಪಳದ ಮದುವೆಯ ಪತ್ರಿಕೆಯಲ್ಲೊಂದು, ಹುಬ್ಬಳ್ಳಿಯ ಅಂಗಡಿ ಫಲಕದಲ್ಲೊಂದು ಕಂಡಾಗ ಎದೆ ಝಲ್ ಅನ್ನುತ್ತದೆ. ಮಾತನಾಡಿಸಿದರೆ ಅವರು ನಮ್ಮ ಬೆಡಗಿನವರಲ್ಲ, ಬೇರೆ ಜಾತಿಯವರು. ನಮ್ಮ ಹಾಗೆಯೇ ಯಾವುದೋ ವರ್ಷ ಆ ಊರಿನಿಂದ ಎದ್ದು ಬಂದವರು. ರಕ್ತಸಂಬಂಧವಿಲ್ಲ, ಆದರೂ ಚಹಾ ಕುಡಿಯದೆ ಬಿಡುವುದಿಲ್ಲ ನಾನು.

ಸ್ವೀಡನ್ನಿನಲ್ಲಂತೂ ನಿಮ್ಮ ಮನೆ ಬಿಟ್ಟರೆ ಇನ್ನೊಂದಿಲ್ಲ ಅಂದಿದ್ದಿ. ಎರಡು ಸಾವಿರಕ್ಕಿಂತ ಕಡಿಮೆ ಮಂದಿಗಿರುವ ಅಡ್ಡೆಸರನ್ನು ಸಂಬಂಧವಿಲ್ಲದವರು ಸುಮ್ಮನೆ ತೆಗೆದುಕೊಳ್ಳಲು ಅಲ್ಲಿನ ಕಾನೂನು ಬಿಡುವುದಿಲ್ಲ ಅಂತ ತಿಳಿದು ನನಗೆ ಹಿಗ್ಗು. ಗದ್ದೆಯ ಬದುವಿನ ಮೇಲೆ ಹುಟ್ಟಿದ ಹೆಸರಿಗೆ ಅಂಥ ಕಾವಲು!

ನನ್ನ ಮನಸ್ಸು ಕೇಳಿದರೆ, ಕೂಸಿಗೆ ಕುದರಿಮೋತಿ ಇರಲಿ. ಗೋಥೆನ್‌ಬರ್ಗಿನಲ್ಲಿ ನೀನು ಎಲ್ಲಿಂದಲೋ ಬಂದವಳು, ನಿನ್ನ ಮುತ್ಯಾ ಇಲ್ಲಿದ್ದ ಹಾಗೆ; ಈ ಹೆಸರು ಅಂಥವರಿಗೆಂದೇ ಆದದ್ದು. ಆದರೆ ಅಳಿಯಂದಿರ ಅಪ್ಪನ ಹೆಸರನ್ನೂ ಜೊತೆಗೆ ಸೇರಿಸಲು ಬರುವುದಾದರೆ ಎರಡನ್ನೂ ಇಡು. ಅವರ ಮನೆಯ ಹಿರಿಯರಿಗೂ ಆಸೆ ಇರುತ್ತದೆ, ಅದರ ಮೇಲೆ ಮನಸ್ತಾಪ ಬೇಡ. ಇಂಗ್ಲಿಷ್ ಅಕ್ಷರ ಮಾತ್ರ ನಿನ್ನ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆ, ಒಂದಕ್ಷರ ಆಚೀಚೆ ಆದರೆ ಮುಂದೆ ಪ್ರತಿ ಕಾಗದಕ್ಕೂ ತೊಡಕು. ಬಾಣಂತನಕ್ಕೆ ನಿನ್ನವ್ವ ಹೊರಡುವಾಗ ಅಂಟಿನುಂಡಿ ಕಟ್ಟಿ ಕೊಡುತ್ತೇನೆ, ಉತ್ತತ್ತಿ, ಕೊಬ್ಬರಿ ಈಗಾಗಲೇ ತಂದಿಟ್ಟಿದ್ದೇನೆ. ಚಳಿಗೆ ಕಿವಿ ಕಟ್ಟಿಕೋ, ಬರಿಗಾಲಲ್ಲಿ ಓಡಾಡಬೇಡ.

ಇನ್ನೊಂದು. ಹೆಳವನ ಪುಸ್ತಕದಲ್ಲಿ ನಿನ್ನ ಅಪ್ಪನ ಹೆಸರಿದೆ, ನನ್ನದಿಲ್ಲ, ನಿನ್ನದೂ ಇಲ್ಲ. ಗಂಡುಮಕ್ಕಳನ್ನಷ್ಟೇ ಬರೆಯುವುದು ರೂಢಿಯಂತೆ. ಈ ಸುಗ್ಗಿಗೆ ಅವನು ಬರುವವನಿದ್ದಾನೆ. ಮೊದಲು ನಿನ್ನ ಹೆಸರು, ಅದರ ಕೆಳಗೆ ಗಂಡಾಗಲಿ ಹೆಣ್ಣಾಗಲಿ ನಿನ್ನ ಕೂಸಿನ ಹೆಸರು ಬರೆದ ಮೇಲೆಯೇ ಕಾಳು ಅಳೆಯುತ್ತೇನೆ ಅಂತ ಫೋನಿನಲ್ಲಿ ಹೇಳಿದ್ದೇನೆ, ಒಪ್ಪಿಕೊಂಡಿದ್ದಾನೆ. ಅಷ್ಟರೊಳಗೆ ನೀವು ತೀರ್ಮಾನಿಸಿದ ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸು.

ಅಳಿಯಂದಿರಿಗೂ ನಿನಗೂ ಆಶೀರ್ವಾದ.

ನಿನ್ನ ಅತ್ತಿ