ಬರಿಗಾಲಿನ ಓಟಗಾರ

ಕನ್ನಡದಲ್ಲಿ ‘ಬರಿ’ ಎಂಬ ಮಾತು ಯಾವ ಪದದೊಡನೆ ಸೇರಿದರೂ ಅಲ್ಲೊಂದು ಕೊರತೆ ಕಾಣಿಸಿಕೊಳ್ಳುತ್ತದೆ. ಬರಿಗೈಯಲ್ಲಿ ಬಂದ ನೆಂಟನನ್ನು ಮನೆಯ ಮಕ್ಕಳು ಬಹಳ ಹೊತ್ತು ಆದರಿಸುವುದಿಲ್ಲ. ಬರಿಹೊಟ್ಟೆಗೆ ವೇದಾಂತ ರುಚಿಸುವುದಿಲ್ಲ. ಬರಿಮಾತಿಗಂತೂ ಬೆಲೆಯೇ ಇಲ್ಲ. ‘ಬರಿಗಾಲು’ ಎಂದೊಡನೆಯೂ ಮನಸ್ಸಿಗೆ ಮೊದಲು ಹೊಳೆಯುವುದು ಬಡತನವೇ. ಆದರೆ ದೇವಸ್ಥಾನದ ಬಾಗಿಲಿಗೆ ಬಂದಾಗ ಎಂಥ ಶ್ರೀಮಂತನೂ ಜೋಡು ಕಳಚಿಟ್ಟೇ ಒಳಗೆ ಕಾಲಿಡುತ್ತಾನೆ. ಅಲ್ಲಿ ಬರಿಗಾಲು ಬಡತನವಲ್ಲ, ಮರ್ಯಾದೆ. ಈ ಎರಡು ಅರ್ಥಗಳಲ್ಲಿ ಯಾವುದಕ್ಕೂ ಸುಲಭವಾಗಿ ಒಳಪಡದ ಒಂದು ಜೊತೆ ಬರಿಗಾಲು 1960ರ ಸೆಪ್ಟೆಂಬರ್ 10ರ ಸಂಜೆ ರೋಮ್ ನಗರದ ಬೀದಿಗಳಲ್ಲಿ ಓಡಿತು.

ಅದು ಇಥಿಯೋಪಿಯದ ಚಕ್ರವರ್ತಿಯ ಅಂಗರಕ್ಷಕ ಪಡೆಗೆ ಸೇರಿದ ಅಬೆಬೆ ಬಿಕಿಲನದು. ವಯಸ್ಸು 28. ಸ್ಪರ್ಧೆ, ಒಲಿಂಪಿಕ್ ಕ್ರೀಡಾಕೂಟದ ಮ್ಯಾರಥಾನ್. ದೂರ 42 ಕಿಲೋಮೀಟರಿನ ಮೇಲೆ 195 ಮೀಟರು. ನಾನಾ ದೇಶಗಳ ಓಟಗಾರರ ನಡುವೆ ಬರಿಗಾಲಿನಲ್ಲಿ ನಿಂತ ಈ ಬಡಕಲು ಮೈಯ ಸಿಪಾಯಿಯನ್ನು ಕಂಡು ಯಾರಾದರೂ ‘ಪಾಪ’ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ವಾಸ್ತವ ಬೇರೆಯೇ ಆಗಿತ್ತು. ರೋಮಿನಲ್ಲಿ ದೊರೆತ ಹೊಸ ಬೂಟು ಆತನ ಕಾಲಿಗೆ ಹೊಂದಲಿಲ್ಲ. ಹೊಸ ಬೂಟು ಕಚ್ಚುವ ಸುಖ ಯಾರಿಗೆ ತಿಳಿಯದು? ಮದುವೆಮನೆಯಲ್ಲಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲೇ ಪ್ರಾಣ ಹಿಂಡುವ ಆ ವಸ್ತುವನ್ನು ತೊಟ್ಟು 42 ಕಿಲೋಮೀಟರ್ ಓಡುವುದಕ್ಕಿಂತ, ಅಭ್ಯಾಸದಲ್ಲಿ ಚೆನ್ನಾಗಿ ಪಳಗಿದ್ದ ಅಂಗಾಲನ್ನೇ ನಂಬುವುದು ಮೇಲೆಂದು ಬಿಕಿಲ ಮತ್ತು ಆತನ ಸ್ವೀಡಿಷ್ ತರಬೇತುದಾರ ಓನ್ನಿ ನಿಸ್ಕಾನೆನ್ ತೀರ್ಮಾನಿಸಿದರು.

ಬಿಸಿಲಿನ ಝಳಕ್ಕೆ ಅಂಜಿ ಓಟವನ್ನು ಸಂಜೆಗೆ ಇರಿಸಲಾಗಿತ್ತು. ಕತ್ತಲಾದಂತೆ, ಪುರಾತನವಾದ ಆಪಿಯ ಮಾರ್ಗದ ಇಕ್ಕೆಲದಲ್ಲೂ ಸೈನಿಕರು ಪಂಜು ಹಿಡಿದು ನಿಂತರು. ಮೊರಾಕೋದ ರಾಡಿ ಬೆನ್ ಅಬ್ದೆಸ್ಸೆಲಾಮನ ಮೇಲೆ ಕಣ್ಣಿರಲಿ, ಆತನ ಸಂಖ್ಯೆ 26, ಎಂದು ಬಿಕಿಲನಿಗೆ ತಿಳಿಸಲಾಗಿತ್ತು. ರಾಡಿ ತೊಟ್ಟು ಬಂದದ್ದು 185ನ್ನು. ಇಲ್ಲದ 26ನ್ನು ಹುಡುಕುತ್ತ, ಪಕ್ಕದಲ್ಲೇ ಇದ್ದ 185ರೊಡನೆ ಹೆಜ್ಜೆಗೆ ಹೆಜ್ಜೆ ಸೇರಿಸಿ ಬಿಕಿಲ ಮೈಲಿಗಟ್ಟಲೆ ಓಡಿದ.

ಗುರಿಗೆ ಇನ್ನೇನು ಸ್ವಲ್ಪವೇ ದೂರವಿರುವಾಗ ದಾರಿಯ ಬದಿಯಲ್ಲಿ ಒಂದು ಶಿಲಾಸ್ತಂಭವಿತ್ತು. ಅದು ರೋಮಿನದಲ್ಲ. 1935ರಲ್ಲಿ ಇಥಿಯೋಪಿಯದ ಮೇಲೆ ದಂಡೆತ್ತಿ ಹೋದ ಇಟಲಿ, 1937ರಲ್ಲಿ ಅಲ್ಲಿನ ಪ್ರಾಚೀನ ನಗರವಾದ ಅಕ್ಸುಮಿನಿಂದ ಹೊತ್ತು ತಂದ ಸ್ತಂಭ. ದಂಡಯಾತ್ರೆ ನಡೆದಾಗ ಬಿಕಿಲ ಮೂರು ವರ್ಷದ ಕೂಸು. ಕೊನೆಯ ವೇಗವನ್ನು ಆ ಸ್ತಂಭದ ಬಳಿಯೇ ತೋರಬೇಕೆಂದು ಗುರುಶಿಷ್ಯರು ಮೊದಲೇ ನಿಶ್ಚಯಿಸಿದ್ದರು. ಹಾಗೆಯೇ ನಡೆಯಿತು. ರಾಡಿ 25 ಸೆಕೆಂಡು ಹಿಂದುಳಿದ. ಕಾನ್‌ಸ್ಟಂಟೈನ್ ಚಕ್ರವರ್ತಿಯ ವಿಜಯಕಮಾನಿನ ಬಳಿ ಬಿಕಿಲ ಗುರಿ ಮುಟ್ಟಿದಾಗ 2 ಗಂಟೆ 15 ನಿಮಿಷ 16.2 ಸೆಕೆಂಡು ಕಳೆದಿತ್ತು. ಅಷ್ಟು ಬೇಗ ಮ್ಯಾರಥಾನ್ ಮುಗಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ಸ್ತಂಭ ತಾಯ್ನೆಲಕ್ಕೆ ಮರಳಿದ್ದು 2005ರಲ್ಲಿ. ಅಕ್ಸುಮಿನಲ್ಲಿ ಮತ್ತೆ ಎದ್ದು ನಿಂತದ್ದು 2008ರಲ್ಲಿ.

ಇದನ್ನು ಕೇಳಿ ಬರಿಗಾಲನ್ನು ಕೊಂಡಾಡುವ ಉತ್ಸಾಹ ಬರುವುದು ಸಹಜ. ಬರಿಗಾಲಿನ ಓಟಕ್ಕೆ ವಿಜ್ಞಾನದ ಬೆಂಬಲವೂ ಒಂದಿಷ್ಟು ದೊರೆತಿದೆ. ಬರಿಗಾಲಿನಲ್ಲಿ ಓಡಿ ರೂಢಿಯಾದವರು ಹಿಮ್ಮಡಿಗೆ ಬದಲಾಗಿ ಅಂಗಾಲಿನ ಮುಂಭಾಗವನ್ನು ಮೊದಲು ಊರುವುದೇ ಹೆಚ್ಚೆಂದೂ, ಅದರಿಂದ ನೆಲದ ಪೆಟ್ಟು ಕಾಲಿಗೆ ಕಡಿಮೆ ತಾಗುವುದೆಂದೂ 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಆದರೆ ಅದೇ ಇಥಿಯೋಪಿಯದ ಎತ್ತರದ ಸೀಮೆಗಳಲ್ಲಿ, ಜ್ವಾಲಾಮುಖಿಯಿಂದುಂಟಾದ ಕೆಮ್ಮಣ್ಣನ್ನು ವರ್ಷಗಟ್ಟಲೆ ಬರಿಗಾಲಿನಲ್ಲಿ ತುಳಿದ ರೈತರಿಗೆ, ಆನೆಕಾಲಿನಂತೆ ಕಾಲು ಬಾಯುವ ವ್ಯಾಧಿ ಬರುವುದುಂಟು. ಬಾಲ್ಯದಿಂದ ಜೋಡು ತೊಟ್ಟು, ಕಾಲನ್ನು ಶುಚಿಯಾಗಿಟ್ಟುಕೊಂಡರೆ ಆ ವ್ಯಾಧಿಯನ್ನು ತಡೆಯಬಹುದು. ಆದ್ದರಿಂದ ಕಾಲಿನಲ್ಲಿ ಜೋಡು ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ತೊಡುವ ಅಥವಾ ಬಿಡುವ ನಿರ್ಧಾರ ಕಾಲಿನ ಒಡೆಯನದೋ ಅಲ್ಲವೋ ಎಂಬುದೇ ಮುಖ್ಯ. ಬಿಕಿಲನ ಬರಿಗಾಲಿಗೆ ಗೌರವ ಸಲ್ಲುವುದು ಅದು ಆತನ ನಿರ್ಧಾರವಾಗಿದ್ದುದರಿಂದ. ಆ ರೈತನ ಬರಿಗಾಲಿಗೆ ಸಲ್ಲಬೇಕಾದದ್ದು ಒಂದು ಜೊತೆ ಜೋಡು.

ಬಿಕಿಲನಿಗೂ ಬರಿಗಾಲು ಒಂದು ವ್ರತವಾಗಿರಲಿಲ್ಲ. 1964ರಲ್ಲಿ ಟೋಕಿಯೋ ನಗರದಲ್ಲಿ ಆತ ಬೂಟು ತೊಟ್ಟು ಓಡಿದ. ಕರುಳುಬಾಲದ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾಗಿದ್ದರೂ 2 ಗಂಟೆ 12 ನಿಮಿಷ 11.2 ಸೆಕೆಂಡಿನಲ್ಲಿ ಗೆದ್ದ. ಒಲಿಂಪಿಕ್ ಮ್ಯಾರಥಾನನ್ನು ಎರಡು ಸಲ ಗೆದ್ದವರಲ್ಲಿ ಆತನೇ ಮೊದಲಿಗ. ಓಟ ಮುಗಿಸಿದವನು ದಣಿದು ಕುಸಿಯುವ ಬದಲು ಮೈದಾನದ ಹುಲ್ಲಿನ ಮೇಲೆ ಅಂಗಸಾಧನೆ ಮಾಡತೊಡಗಿದ್ದನ್ನು ಕಂಡು ನೆರೆದ ಜನ ಬೆರಗಾದರು.

1969ರಲ್ಲಿ ನಡೆದ ಮೋಟಾರು ಅಪಘಾತವೊಂದು ಆ ಕಾಲುಗಳ ಶಕ್ತಿಯನ್ನು ಶಾಶ್ವತವಾಗಿ ಕಸಿದುಕೊಂಡಿತು. ಬರಿಗಾಲಿನಲ್ಲೂ ಬೂಟುಗಾಲಿನಲ್ಲೂ ಜಗತ್ತನ್ನು ಗೆದ್ದವನಿಗೆ ಇನ್ನು ಯಾವ ಜೋಡೂ ಬೇಕಿರಲಿಲ್ಲ. ಆದರೂ ಆತ ಚಿಕಿತ್ಸೆಗಾಗಿ ಇಂಗ್ಲೆಂಡಿಗೆ ಹೋದ; ಗಾಲಿಕುರ್ಚಿಯಲ್ಲಿ ಕುಳಿತೇ ಬಿಲ್ಲು ಹಿಡಿಯುವುದನ್ನು ಕಲಿತು ಸ್ಪರ್ಧೆಗೂ ಇಳಿದ. 1973ರ ಅಕ್ಟೋಬರ್ 25ರಂದು, 41ನೆಯ ವಯಸ್ಸಿನಲ್ಲಿ ತೀರಿಕೊಂಡ. ಕಾಲಿದ್ದಾಗ ಬೂಟಿಲ್ಲವೆಂದು ಕೊರಗದವನು ಕಾಲೇ ಸೋತಾಗ ಕೈಯಲ್ಲಿ ಬಿಲ್ಲು ಹಿಡಿದ. ಇರುವುದನ್ನು ನೆಚ್ಚಿ ಹೊರಡುವ ಇಂಥವನ ಮುಂದೆ ‘ಪಾಪ’ ಎಂಬ ಮಾತು ಬರಿಮಾತೇ ಸರಿ.