ಹಳೆಯ ಆಟಗಳ ಹೊಸ ವೇಷ

ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಳೆಯ ‘ಟಿವಿ ಗೇಮ್’ ಮಲಗಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. 1990ರ ದಶಕದಲ್ಲಿ ಮಕ್ಕಳಾಗಿದ್ದವರು ಬೇಸಿಗೆ ರಜೆ ಬಂತೆಂದರೆ ಅದನ್ನು ಟಿವಿಗೆ ಸಿಕ್ಕಿಸಿ ಮಾರಿಯೋನನ್ನು ಕುಣಿಸುತ್ತಿದ್ದರು. ಅವರೇ ಈಗ ಅಪ್ಪ ಅಮ್ಮ ಆಗಿದ್ದಾರೆ. ಯಂತ್ರ ಕೆಟ್ಟಿದೆ, ನಾವೆಲ್ಲ ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದ ಕಾರ್ಟ್ರಿಡ್ಜ್ ತುಕ್ಕು ಹಿಡಿದಿದೆ. ಆದರೂ ಅವರ ಮಕ್ಕಳು ಅದೇ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತಿದ್ದಾರೆ. ಇದನ್ನು ಸಾಧ್ಯಮಾಡಿದ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು.

ಎಮ್ಯುಲೇಟರ್ ಎಂದರೆ ಒಂದು ಯಂತ್ರ ಇನ್ನೊಂದು ಯಂತ್ರದ ವೇಷ ಹಾಕುವುದು. ಹಳೆಯ ಯಂತ್ರದ ಪ್ರೊಸೆಸರ್, ಚಿತ್ರ ಬರೆಯುವ ಚಿಪ್, ಸದ್ದು ಹೊರಡಿಸುವ ಚಿಪ್ ಇವೆಲ್ಲ ಏನು ಮಾಡುತ್ತಿದ್ದವೋ ಅದನ್ನೇ ಇಂದಿನ ಕಂಪ್ಯೂಟರ್ ಲೆಕ್ಕ ಹಾಕಿ ಮಾಡಿ ತೋರಿಸುತ್ತದೆ. ಆಟದ ಪ್ರೋಗ್ರಾಂ ಮಾತ್ರ ತಾನು ಹಳೆಯ ಮನೆಯಲ್ಲೇ ಇದ್ದೇನೆಂದು ನಂಬಿಕೊಂಡು ಓಡುತ್ತಿರುತ್ತದೆ.

ಇವುಗಳಲ್ಲಿ ಎರಡು ಜಾತಿ. ಮೊದಲನೆಯದು ಹಲವು ಯಂತ್ರಗಳ ವೇಷ ಹಾಕುವಂಥದು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರತಂದ ‘ಮೇಮ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ದೊಡ್ಡ ಯಂತ್ರಗಳಿಂದ ಶುರುವಾಗಿ ಅದು ಇಂದು ಸಾವಿರಾರು ಯಂತ್ರಗಳನ್ನು ಒಳಗೊಂಡಿದೆ. ‘ರೆಟ್ರೋಆರ್ಕ್’ ಕೂಡ ಇದೇ ಸಾಲಿನದು. ಎರಡನೆಯದು ಒಂದೇ ಯಂತ್ರಕ್ಕೆ ಮೀಸಲಾದದ್ದು. ಅಟಾರಿ 2600ಕ್ಕೆ ‘ಸ್ಟೆಲ್ಲಾ’, ಪ್ಲೇಸ್ಟೇಷನ್ 2ಕ್ಕೆ ‘ಪಿಸಿಎಸ್‌ಎಕ್ಸ್2’. ಮಿಮಿಕ್ರಿ ಕಲಾವಿದರನ್ನು ನೆನೆಸಿಕೊಳ್ಳಿ. ಒಬ್ಬ ಒಂದೇ ಸಂಜೆ ಹತ್ತು ನಟರ ದನಿ ಮಾಡಿ ಚಪ್ಪಾಳೆ ಗಿಟ್ಟಿಸುತ್ತಾನೆ. ಇನ್ನೊಬ್ಬ ಜೀವಮಾನವಿಡೀ ಒಬ್ಬನೇ ನಟನನ್ನು ಅಭ್ಯಾಸ ಮಾಡಿ ಅವನ ಕೆಮ್ಮನ್ನೂ ಬಿಡದೆ ಒಪ್ಪಿಸುತ್ತಾನೆ.

ಯಾವುದು ಮೇಲು? ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ಒಂದು ಮನೆಜಗಳದ ರೂಪದಲ್ಲಿ. ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ತಂದೆಗೆ ಅವರ ಬಾಲ್ಯದ ಆಟವನ್ನು ಕಂಪ್ಯೂಟರಿನಲ್ಲಿ ಹಾಕಿಕೊಟ್ಟಿದ್ದ. ತಂದೆ ಎರಡು ನಿಮಿಷ ಆಡಿ, “ಇದು ನಾವಾಡಿದ ಆಟವಲ್ಲ ಕಣೋ, ಇದು ಬಹಳ ಜೋರಾಗಿ ಓಡುತ್ತೆ” ಎಂದು ಕೈಬಿಟ್ಟರು. ಹುಡುಗ ನನ್ನ ಬಳಿ ಬಂದು, “ಅಪ್ಪನಿಗೆ ವಯಸ್ಸಾಯ್ತು ಸಾರ್, ಕೈ ಓಡಲ್ಲ, ಅದಕ್ಕೇ ಆಟದ ಮೇಲೆ ತಪ್ಪು ಹೊರಿಸ್ತಾರೆ” ಎಂದು ನಕ್ಕ. ಪೋಷಕರ ಸಭೆಯ ದಿನ ತಂದೆಯೂ ಅದೇ ಮಾತೆತ್ತಿದರು: “ಮೇಷ್ಟ್ರೇ, ನನ್ನ ಕಿವಿಗೆ ಆ ಸಂಗೀತ ಇವತ್ತಿಗೂ ನೆನಪಿದೆ. ಇವನು ಕೇಳೋದೇ ಇಲ್ಲ.”

ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು? ನಮ್ಮಲ್ಲಿ ಮಾರಾಟವಾಗುತ್ತಿದ್ದ ಟಿವಿ ಗೇಮ್‌ಗಳಲ್ಲಿ ಬಹುಪಾಲು, ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಂ ಯಂತ್ರದ ನಕಲುಗಳು. ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಬಾರಿ ಪರದೆಯನ್ನು ಬರೆಯುತ್ತದೆ. ಭಾರತದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50 ಬಾರಿ. ಆಗಿನ ಆಟಗಳು ತಮ್ಮ ಕಾಲವನ್ನು ಎಣಿಸುತ್ತಿದ್ದುದು ಪರದೆಯ ಈ ಬರಹದಿಂದಲೇ. ಪಾಲ್ ಟಿವಿಗೆ ಹೊಂದಿಸಿದ ನಕಲು ಯಂತ್ರದಲ್ಲಿ ಅದೇ ಆಟ ಆರರಲ್ಲಿ ಐದು ಪಾಲು ವೇಗದಲ್ಲಿ ನಡೆಯುತ್ತಿತ್ತು, ಸಂಗೀತವೂ ಅದರ ಜೊತೆಗೇ ನಿಧಾನವಾಗುತ್ತಿತ್ತು.

ನಂಬಬೇಡ, ಅಳೆದು ನೋಡು ಎಂದು ಹುಡುಗನಿಗೆ ಹೇಳಿದೆ. ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಮೇಲ್ಗಡೆ 400ರಿಂದ ಇಳಿಯುವ ಒಂದು ಗಡಿಯಾರವಿದೆ. ಪರದೆ 24 ಬಾರಿ ಬರೆದಾಗ ಅದರಲ್ಲಿ ಒಂದು ಅಂಕಿ ಇಳಿಯುತ್ತದೆ. ಅಂದರೆ 400ರಿಂದ 300ಕ್ಕೆ ಬರಲು ಜಪಾನಿನ ಲೆಕ್ಕದಲ್ಲಿ 40 ಸೆಕೆಂಡು, ನಮ್ಮ ಲೆಕ್ಕದಲ್ಲಿ 48 ಸೆಕೆಂಡು. ಅವನ ಎಮ್ಯುಲೇಟರ್ ಹಲವು ಯಂತ್ರಗಳದ್ದು. ಅಳೆದಾಗ ಬಂದದ್ದು 40. ಫ್ಯಾಮಿಕಾಂ ಜಾತಿಯ ಯಂತ್ರಕ್ಕೇ ಮೀಸಲಾದ ‘ಎಫ್‌ಸಿಇಯುಎಕ್ಸ್’ನಲ್ಲಿ ಪ್ರದೇಶ ಆರಿಸುವ ಕಡೆ ‘ಡೆಂಡಿ’ ಎಂಬ ಆಯ್ಕೆಯಿದೆ. ಡೆಂಡಿ ಎಂಬುದು 1992ರಿಂದ ರಷ್ಯಾದಲ್ಲಿ ಮಾರಾಟವಾದ ಇಂಥದೇ ನಕಲು ಯಂತ್ರದ ಹೆಸರು. ಅದನ್ನು ಒತ್ತಿ ಅಳೆದಾಗ 48 ಬಂತು. ಆ ಸಂಜೆ ತಂದೆ ಮೂರು ಹಂತ ದಾಟಿದರಂತೆ. ಮರುದಿನ ಹುಡುಗ ಬಂದು, “ಅಪ್ಪ ಹೇಳಿದ್ದು ಸರಿ ಸಾರ್” ಎಂದ. ಹದಿನಾಲ್ಕರ ಹುಡುಗನ ಬಾಯಲ್ಲಿ ಈ ಮಾತು ಸುಲಭಕ್ಕೆ ಬರುವಂಥದಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಆಯ್ಕೆ ರೆಟ್ರೋಆರ್ಕ್‌ನಲ್ಲಿಯೂ ಸಿಗುತ್ತದೆ. ಏಕೆಂದರೆ ರೆಟ್ರೋಆರ್ಕ್ ಸ್ವತಃ ಎಮ್ಯುಲೇಟರ್ ಅಲ್ಲ. ಬೇರೆ ಬೇರೆಯವರು ಬರೆದ ಎಮ್ಯುಲೇಟರ್‌ಗಳನ್ನು ‘ಕೋರ್’ಗಳೆಂಬ ಹೆಸರಿನಲ್ಲಿ ಒಂದೇ ಸೂರಿನಡಿ ಕೂಡಿಸುವ ಛತ್ರ ಅದು. ಒಮ್ಮೆ ಗುಂಡಿಗಳನ್ನು ಹೊಂದಿಸಿದರೆ ಎಲ್ಲ ಯಂತ್ರಗಳಿಗೂ ಸಾಕು, ಇದು ದೊಡ್ಡ ಅನುಕೂಲ. ಆದರೆ ಒಂದು ಯಂತ್ರದ ವಿಶೇಷ ಗುಣ ಬೇಕಾದಾಗ ಪಟ್ಟಿಯೊಳಗಿನ ಪಟ್ಟಿಯಲ್ಲಿ ಹುಡುಕಬೇಕು. ಅಂಥದ್ದೊಂದು ಇದೆ ಎಂದು ಗೊತ್ತಿಲ್ಲದವನು ಹುಡುಕುವುದಾದರೂ ಏನನ್ನು?

ಆಟ ಓಡಿತು ಎಂಬುದಕ್ಕೂ ಸರಿಯಾಗಿ ಓಡಿತು ಎಂಬುದಕ್ಕೂ ಅಂತರವಿದೆ. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಸಾಯುತ್ತ ಹೋದಂತೆ ಉಳಿದವರ ವೇಗ ಹೆಚ್ಚುತ್ತದೆ. ಪ್ರೊಸೆಸರಿಗೆ ಚಲಿಸಬೇಕಾದ ಚಿತ್ರಗಳು ಕಡಿಮೆಯಾದ್ದರಿಂದ ತಾನಾಗಿ ಬಂದ ಪರಿಣಾಮ ಅದು. ತಯಾರಿಸಿದ ತೊಮೊಹಿರೋ ನಿಶಿಕಾಡೊ ಚೆನ್ನಾಗಿದೆಯೆಂದು ಹಾಗೆಯೇ ಉಳಿಸಿಕೊಂಡರು. ವೇಷ ಹಾಕುವವನು ಯಂತ್ರದ ಶಕ್ತಿಯನ್ನಷ್ಟೇ ಅಲ್ಲ, ಅದರ ಸುಸ್ತನ್ನೂ ಅಭಿನಯಿಸಬೇಕು! ಸೂಪರ್ ನಿಂಟೆಂಡೋಗೆ ಮೀಸಲಾದ ‘ಬಿಸ್ನೆಸ್’ ಬರೆದ, ನಿಯರ್ ಎಂದು ಹೆಸರಾದವರು 2011ರಲ್ಲಿ ಒಂದು ಲೇಖನದಲ್ಲಿ ಇದರ ಬೆಲೆ ತಿಳಿಸಿದ್ದರು. ಹೆಚ್ಚೆಂದರೆ 3.58 ಮೆಗಾಹರ್ಟ್ಸ್‌ನ ಯಂತ್ರವನ್ನು ಚಾಚೂ ತಪ್ಪದೆ ಅನುಕರಿಸಲು ಆಗ 3 ಗಿಗಾಹರ್ಟ್ಸ್‌ನ ಕಂಪ್ಯೂಟರ್ ಬೇಕಾಗಿತ್ತು. ನಿಯರ್ 2021ರಲ್ಲಿ ತೀರಿಕೊಂಡರು, ಅವರ ದುಡಿಮೆ ಉಳಿದಿದೆ.

ಮೀಸಲು ಎಮ್ಯುಲೇಟರ್‌ಗಳ ಇನ್ನೊಂದು ಗುಣ ವಿದ್ಯಾರ್ಥಿಗಳಿಗೆ ಮುಖ್ಯ. ಅವು ಯಂತ್ರದ ಹೊಟ್ಟೆ ಬಗೆದು ತೋರಿಸುತ್ತವೆ. 1977ರ ಅಟಾರಿ 2600ರ ಸ್ಮೃತಿ ಬರೀ 128 ಬೈಟ್. ಇಂದಿನ ಯೂನಿಕೋಡ್ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಲ್ಲಿಗೆ ಅದರಲ್ಲಿ 42 ಚಿಹ್ನೆಗಳಷ್ಟೇ ಹಿಡಿದಾವು, ಒಂದು ಸಾಲೂ ಆಗದು. ಸ್ಟೆಲ್ಲಾದ ಡೀಬಗರ್ ತೆರೆದರೆ ಆ 128 ಬೈಟ್‌ಗಳೂ ಒಂದೇ ಕೋಷ್ಟಕದಲ್ಲಿ ಕಾಣುತ್ತವೆ. ಆಟಗಾರನ ಪ್ರಾಣಗಳ ಸಂಖ್ಯೆ ಎಲ್ಲಿ ಕೂತಿದೆ? ಒಂದು ಪ್ರಾಣ ಕಳೆದುಕೊಳ್ಳಿ, ಬದಲಾಗದ ಮನೆಗಳನ್ನು ಹೊಡೆದುಹಾಕಿ. ಮತ್ತೊಂದು ಕಳೆದುಕೊಳ್ಳಿ, ಮತ್ತೆ ಸೋಸಿ. ಪ್ರಯೋಗಶಾಲೆಯಲ್ಲಿ ಲವಣ ಪತ್ತೆ ಮಾಡುವ ಕ್ರಮವೂ ಇದೇ ಅಲ್ಲವೇ? ನಮ್ಮ ಮಕ್ಕಳು ಇದನ್ನು ಲವಣಕ್ಕಿಂತ ಬೇಗ ಕಲಿತರು ಎಂಬುದು ಬೇರೆ ಮಾತು.

ಹಾಗಾದರೆ ಆಯ್ಕೆ ಹೇಗೆ? ಹತ್ತಾರು ಹಳೆಯ ಆಟಗಳ ರುಚಿ ನೋಡುವುದಷ್ಟೇ ಉದ್ದೇಶವಾದರೆ ಹಲವು ಯಂತ್ರಗಳ ಎಮ್ಯುಲೇಟರ್ ಸಾಕು. ಒಂದು ಯಂತ್ರದ ಮೇಲೆ ಮನಸ್ಸಾಯಿತೇ, ಅದಕ್ಕೆ ಮೀಸಲಾದದ್ದನ್ನು ಹಿಡಿಯಿರಿ. ಅಪರೂಪದ ಯಂತ್ರವಾದರೆ ಮೇಮ್ ಒಂದೇ ದಿಕ್ಕಾಗಿರಲೂಬಹುದು. ಮೊದಲು ಅಗಲ, ಆಮೇಲೆ ಆಳ.

ಪೋಷಕರಿಗೊಂದು ಮಾತು. ಎಮ್ಯುಲೇಟರ್ ಬೇರೆ, ಆಟದ ಪ್ರತಿ ಬೇರೆ. ನಾನು ಇಲ್ಲಿ ಹೆಸರಿಸಿದ ಎಮ್ಯುಲೇಟರ್‌ಗಳೆಲ್ಲ ಉಚಿತವಾಗಿ ಹಂಚುವಂಥವು. ಆದರೆ ಆಟಗಳಿಗೆ ಕೃತಿಸ್ವಾಮ್ಯವಿದೆ, ನಮ್ಮ 1957ರ ಕಾಯ್ದೆಯೂ ಕಂಪ್ಯೂಟರ್ ಪ್ರೋಗ್ರಾಂಗಳನ್ನು ರಕ್ಷಿಸುತ್ತದೆ. ಸ್ವಿಚ್ ಯಂತ್ರದ ‘ಯುಜು’ ಎಮ್ಯುಲೇಟರ್ ತಯಾರಿಸಿದವರು 2024ರಲ್ಲಿ ನಿಂಟೆಂಡೋಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಕೆಲಸ ನಿಲ್ಲಿಸಬೇಕಾಯಿತು. ಹಳೆಯ ಯಂತ್ರಗಳಿಗಾಗಿಯೇ ಹವ್ಯಾಸಿಗಳು ಹೊಸದಾಗಿ ಬರೆದು ಉಚಿತವಾಗಿ ಕೊಡುವ ಆಟಗಳಿವೆ. ತರಗತಿಯಲ್ಲಿ ನಾನು ಬಳಸುವುದು ಅವನ್ನೇ, ಆ ಹುಡುಗನಿಗೆ ಹೇಳಿದ್ದೂ ಅದನ್ನೇ.

ಆಟಕ್ಕೆ ಹೊತ್ತು ಗೊತ್ತು ಇರಲಿ, ಅದು ನಿಮ್ಮ ಕೈಯಲ್ಲಿದೆ. ಮಗ ಅಥವಾ ಮಗಳು ಹಳೆಯ ಆಟದ ಮುಂದೆ ಕೂತಿದ್ದರೆ ಗದರುವ ಮೊದಲು ಪಕ್ಕದಲ್ಲಿ ಐದು ನಿಮಿಷ ಕೂತು, “ಇದು ಹೀಗಿತ್ತೇ?” ಎಂದು ನಿಮ್ಮ ನೆನಪನ್ನೂ ಕೇಳಿನೋಡಿ. ಹೀಗಿರಲಿಲ್ಲ ಎನಿಸಿದರೆ ಗಡಿಯಾರ ತರಿಸಿ.